ಸುಮ್ಮನೆ ಎಂಬ ಬಾಬತ್ತು

ಅಡುಗೆಮನೆಯ ಗೋಡೆಗೆ ಮೊಳೆ, ಮೊಳೆಗೆ ದಾರ,
ದಾರಕ್ಕೆ ಲೆಕ್ಕದ ಪುಸ್ತಕ, ಮೋಟು ಪೆನ್ಸಿಲ್ಲು.
ಪೆನ್ನಲ್ಲ. ರೊಸಾರಿಯೊದಲ್ಲಿ ಈಗ ಯಾರೂ
ದರವನ್ನು ಶಾಯಿಯಲ್ಲಿ ಬರೆಯುವುದಿಲ್ಲ.
ಬೆಳಿಗ್ಗೆ ಮಾತಾಡಿಸಿ ಬಂದ ಎಣ್ಣೆ ಬಾಟಲಿಗೆ
ಸಂಜೆ ನನ್ನ ಗುರುತೇ ಇರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಸರಿ,
ಮಲಗಿದ ಮೇಲೆ ಹಾಸಿಗೆಯೇ ಗೇಣು ಗೇಣು ಗಿಡ್ಡವಾದರೆ?
ಮಡಚಿಕೊಂಡಿದ್ದೇವೆ,
ನಾಲ್ಕು ಜನ, ಎಂಟು ಮೊಣಕಾಲು.

ಕಲಿತುಕೊಂಡೆ.
ಮಂಗಳವಾರದ ಸಂತೆಗೆ ಕೊನೆಯ ಅರ್ಧ ಗಂಟೆಯಲ್ಲೇ ಹೋಗಬೇಕು,
ಡೇರೆ ಬಿಚ್ಚುವ ಹೊತ್ತಿಗೆ
ಟೊಮೆಟೊ ಮೆತ್ತಗಾಗಿರುತ್ತದೆ, ಮಾರುವವನೂ.
ಸೊಪ್ಪಿನ ದಂಟು ಎಸೆಯಬಾರದು,
ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿದರೆ
ಕಣ್ಣು ಮುಚ್ಚಿಕೊಂಡವರಿಗೆ ಅದು ಮಾಂಸ.
ಕುಡಿದು ಬಿಟ್ಟ ಶೆರ್ಬಾ ಎಲೆಯನ್ನು ಕಿಟಕಿಯಲ್ಲಿ ಒಣಗಿಸಿ
ಮತ್ತೆ ಬಿಸಿನೀರು ಹುಯ್ಯಬಹುದು. ಬಣ್ಣ ಬರುತ್ತದೆ.
ಬಣ್ಣ ಮಾತ್ರ.

ಅನ್ಸೆಲ್ಮೊನ ಕಟುಕರಂಗಡಿಯಲ್ಲಿ ಮೂಳೆಯನ್ನು
"ನಾಯಿಗೆ" ಅಂತ ಕೇಳುತ್ತೇನೆ.
ನಮ್ಮಲ್ಲಿ ನಾಯಿಯಿಲ್ಲವೆಂದು ಅವನಿಗೆ ಗೊತ್ತು.
ವಾರದಿಂದ ವಾರಕ್ಕೆ ಮೂಳೆಯ ಮೇಲೆ
ಮಾಂಸ ತುಸು ಹೆಚ್ಚೇ ಬಿಟ್ಟಿರುತ್ತಾನೆ.
"ನಾಯಿ ಹೇಗಿದೆ?" ಅನ್ನುತ್ತಾನೆ ಕಾಗದ ಸುತ್ತುತ್ತಾ.
"ಗಣಿತದಲ್ಲಿ ಹತ್ತಕ್ಕೆ ಒಂಬತ್ತು ತಗೊಂಡಿದೆ" ಅನ್ನುತ್ತೇನೆ.

ಪುಸ್ತಕದಲ್ಲಿ, ಬಾಡಿಗೆ, ಗ್ಯಾಸು,
ಎವಾರಿಸ್ತೊನ ಬಸ್ ಚಾರ್ಜು, ಇವೆಲ್ಲದರ ಕೆಳಗೆ
ಒಂದು ಬಾಬತ್ತು: ಸುಮ್ಮನೆ.
ಅದು ಶನಿವಾರದ್ದು. ಒಂದೇ ಒಂದು ಆಲ್ಫಹೋರ್,
ಎರಡು ಮೆದು ಬಿಸ್ಕತ್ತಿನ ನಡುವೆ
ಕಾದು ಕಾದು ಕಂದಾದ ಹಾಲಿನ ಸಿಹಿ.
ಚಾಕು ತಾಗಿದರೆ ಉದುರುತ್ತದೆ,
ಹೊಲಿಗೆಯ ನೂಲು ಬಿಗಿಹಿಡಿದು ನಾಲ್ಕು ಪಾಲು.
ಕೊಯ್ಯುವವನು ಫೌಸ್ತೊ,
ಆದ್ದರಿಂದ ಕೊನೆಗೆ ಆರಿಸಿಕೊಳ್ಳುವವನೂ ಅವನೇ.
ಅಷ್ಟು ಸರಿಯಾದ ಪಾಲುಪಟ್ಟಿ
ಯಾವ ಕೋರ್ಟಿನಲ್ಲೂ ಆಗಿರಲಿಕ್ಕಿಲ್ಲ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ"
ನಾದಿನಿ ಸುಲೇಮಾ ಪುಟ ತಿರುವಿ ನಕ್ಕಳು.

ಆಗಸ್ಟಿನ ಚಳಿ, ಹೀಟರಿನ ಬಿಲ್ಲು.
ಆ ಸಾಲನ್ನು ರಬ್ಬರಿನಿಂದ ಉಜ್ಜಿದೆ.
ಯಾರೂ ಏನೂ ಅನ್ನಲಿಲ್ಲ.
ಅಂದಿದ್ದರೆ ಬಯ್ಯಬಹುದಿತ್ತು.
ಮೂರನೆಯ ಶನಿವಾರ ನೂಲಿನ ಉಂಡೆ
ಮೇಜಿನ ಮೇಲೆ ಕೂತಿತ್ತು, ಯಾರು ಇಟ್ಟರೋ.

ಮುಂದಿನ ಗುರುವಾರ, ಆಸ್ಪತ್ರೆಯ ಲಾಂಡ್ರಿಯಿಂದ ಬರುವಾಗ,
ಕೈಯೆಲ್ಲ ಬ್ಲೀಚಿನ ವಾಸನೆ,
ಕಾಲು ನನ್ನನ್ನು ಕೇಳದೆ ಬೇಕರಿಯೊಳಗೆ ನಡೆಯಿತು.
ಹೊರಗೆ ಬಂದು, ಗೋಡೆಗೆ ಮುಖ ಮಾಡಿ ನಿಂತು,
ಇಡೀ ಒಂದು. ನಾಲ್ಕೂ ಪಾಲು.
ರುಚಿ ನೆನಪಿಲ್ಲ,
ನುಂಗಿದ್ದು ನೆನಪಿದೆ.

ಮನೆಯಲ್ಲಿ ನೊಯೆಲಿಯಾ, ಹನ್ನೊಂದು ವರ್ಷ,
ನನ್ನ ಮಫ್ಲರಿನ ಮೇಲಿದ್ದ ಪುಡಿಯನ್ನು ನೋಡಿದಳು.
ಅಪ್ಪ ಒಳಗೆ ಬರುವ ಮುಂಚೆ
ಎರಡೇ ಬೆರಳಲ್ಲಿ ಕೊಡವಿದಳು.
"ತುಂಬಾ ಚಳಿ ಇತ್ತಾ ಹೊರಗೆ?" ಅಂದಳು.
ಅವಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ
ನಾನು ಚಾದರ ಬದಲಿಸುತ್ತಾ
ಇಂಥದೇ ದನಿಯಲ್ಲಿ ಹವಾಮಾನ ಮಾತಾಡುತ್ತಿದ್ದೆ.

ರಾತ್ರಿ ಎದ್ದು ಎವಾರಿಸ್ತೊನ ಜೇಬಿನಿಂದ ಪೆನ್ನು ತೆಗೆದೆ.
ಸುಮ್ಮನೆ ಎಂದು ಶಾಯಿಯಲ್ಲಿ ಬರೆದೆ,
ಎದುರಿನ ಮೊತ್ತ ಮಾತ್ರ ಪೆನ್ಸಿಲ್ಲಿನಲ್ಲಿ,
ಅದು ನನ್ನ ಕೈಯಲ್ಲಿಲ್ಲ.
ಹೀಟರು ಮಲಗುವ ಮುಂಚೆ ಒಂದೇ ಗಂಟೆ, ಎಲ್ಲರೂ ಒಂದೇ ಕೋಣೆಯಲ್ಲಿ.

ಶನಿವಾರ ಫೌಸ್ತೊ ನೂಲು ಎಳೆದ.
ನನ್ನ ಪಾಲನ್ನು ಮೆಲ್ಲಗೆ ನೊಯೆಲಿಯಾಳ ತಟ್ಟೆಗೆ ಸರಿಸಿದೆ.
ಅವಳು ಅಷ್ಟೇ ಮೆಲ್ಲಗೆ ವಾಪಸ್ಸು ಸರಿಸಿದಳು.
"ತಿನ್ನಮ್ಮ," ಅಂದಳು,
"ಇಲ್ಲೇ, ನಮ್ಮೆದುರಿಗೇ."